ಒಂದು ಚಿಟಿಕೆ ಪರಾಗ

ನಮ್ಮ ಅತ್ತೆ ಫುಸಾಯೆಯ ಕೈ ಬಲು ಬಿಗಿ. ಒಂದೇ ಚಹಾ ಎಲೆಗೆ ಬಿಸಿನೀರು ಹುಯ್ದು ಹುಯ್ದು, ಅದರ ಬಣ್ಣವೇ ಹೋಗುವವರೆಗೂ ಕುಡಿಯುತ್ತಾರೆ. ಈ ಜಿಪುಣತನಕ್ಕೆ ನಾನು ಯಾವಾಗಲೂ ನಗುತ್ತಿದ್ದೆ. ಆ ವಸಂತದಲ್ಲಿ ಮಾತ್ರ ನಗು ಬರಲಿಲ್ಲ.

ನಮ್ಮದು ತೊತ್ತೋರಿ ಸೀಮೆಯ ಪಿಯರ್ ಹಣ್ಣಿನ ತೋಟ. ನಮ್ಮ ತಳಿಯ ಹೂವಿಗೆ ತನ್ನದೇ ಪರಾಗ ಒಗ್ಗುವುದಿಲ್ಲ. ಬೇರೆ ತಳಿಯ ಪರಾಗವನ್ನು ಪುಕ್ಕದ ಕುಂಚದಿಂದ ಹೂಹೂವಿಗೂ ನಾವೇ ಸವರಬೇಕು. ಅದಕ್ಕೆಂದೇ ಮಾವ ಯಾಸುಜಿ ಬೀಜದಿಂದ ಒಂದು ಮರ ಬೆಳೆಸಿದ್ದರು. ಮಾವ ತೀರಿಕೊಂಡ ವರ್ಷವೇ ಅದಕ್ಕೂ ಬೇರುಕೊಳೆ ಹತ್ತಿತು. ಕಸಿ ಕಟ್ಟಲು ಒಂದು ಹಸಿ ಕಡ್ಡಿಯೂ ಸಿಗಲಿಲ್ಲ. ಉಳಿದದ್ದು ಒಣಗಿಸಿ ಫ್ರೀಜರಿನಲ್ಲಿಟ್ಟಿದ್ದ ಪುಟ್ಟ ಸೀಸೆ ಪರಾಗ. ಅದರಿಂದ ಬೀಜ ಕಟ್ಟಿಸಿ ಸಸಿ ಎಬ್ಬಿಸಬೇಕೆಂದು ಅತ್ತೆಗೆ ಆಸೆ.

ಹಳೇ ಪರಾಗಕ್ಕೆ ಜೀವವಿದೆಯೇ ಎಂದು ಮೊದಲು ನೋಡುವುದು ನಮ್ಮಲ್ಲಿ ವಾಡಿಕೆ. ಸಕ್ಕರೆ ಬೆರೆಸಿದ ಅಗರ್ ಎಂಬ ಕಡಲಪಾಚಿ ಅಂಟಿನ ತಟ್ಟೆಯ ಮೇಲೆ ಉದುರಿಸಿ ಬೆಚ್ಚಗಿಟ್ಟರೆ, ಬದುಕಿರುವ ಕಣದಿಂದ ಕೂದಲಿನಂಥ ನಾಳ ಹೊರಡುತ್ತದೆ. ಅತ್ತೆ ಉದುರಿಸಿದ್ದು ಸೂಜಿಯ ಮೊನೆಗೆ ಅಂಟಿದಷ್ಟು. ಸೂಕ್ಷ್ಮದರ್ಶಕದಲ್ಲಿ ಅಲ್ಲೊಂದು ಇಲ್ಲೊಂದು ಕಣ ಕಂಡಿತು, ಒಂದೂ ಮಿಸುಕಿರಲಿಲ್ಲ. ಮತ್ತೊಮ್ಮೆ ಅಷ್ಟೇ ಉದುರಿಸಿದರು, ಮತ್ತೆ ಅದೇ ಗತಿ. ಅತ್ತೆ ಉಳಿದ ಪರಾಗ ಚೆಲ್ಲಿ ಸೀಸೆ ತೊಳೆಯಲು ಎದ್ದರು.

ಹೂವಿನ ಕೆಲಸಕ್ಕೆಂದು ಬಂದಿದ್ದ ನನ್ನ ಮಗಳು ಚಿಜುರು ಸೀಸೆ ಕಸಿದುಕೊಂಡಳು. ಪರಾಗದ ನಾಳ ಹೇಗೆ ಬೆಳೆಯುತ್ತದೆ ಎಂಬುದೇ ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆ.

"ಅಜ್ಜಿ, ಇದು ಸತ್ತಿಲ್ಲ ಅನ್ಸುತ್ತೆ. ನೀವು ಒಂಟಿ ಮಾಡಿ ಕೂರ್ಸಿದೀರಿ, ಅಷ್ಟೇ."

ಅವಳು ಬಿಡಿಸಿ ಹೇಳಿದಳು. ನಾಳದ ತುದಿಯೊಳಕ್ಕೆ ಹೊರಗಿನಿಂದ ಕ್ಯಾಲ್ಸಿಯಂ ನುಗ್ಗಬೇಕು, ಬೆಳೆಯಲು ಅದೇ ಸೂಚನೆ. ಈ ಸಲ ತಂದ ಅಗರ್ ತೀರಾ ಶುದ್ಧ, ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಪ್ರತಿ ಕಣವೂ ತನ್ನದನ್ನು ಚೂರು ಸೋರಿಸುತ್ತದೆ. ಗುಂಪಿನಲ್ಲಿದ್ದರೆ ಒಂದು ಸೋರಿಸಿದ್ದು ಇನ್ನೊಂದಕ್ಕೆ ಒದಗುತ್ತದೆ. ಒಂಟಿ ಕಣಕ್ಕೆ ಇದ್ದದ್ದೂ ಕೈಬಿಟ್ಟು ಹೋಗುತ್ತದೆ. ಅದಕ್ಕೇ ಧಾರಾಳವಾಗಿ ಹಾಕಬೇಕು ಎಂದಳು.

"ಧಾರಾಳ ಅಂದ್ರೆ ಎಷ್ಟೇ?" ಎಂದರು ಅತ್ತೆ.

ನನಗೆ ತಡೆಯಲಾಗಲಿಲ್ಲ. "ನಿಮಗೆ ಆ ಅಳತೆ ಅಭ್ಯಾಸ ಇಲ್ಲ ಅತ್ತೆ, ನಾನೇ ಹಾಕ್ಲಾ?"

ಅವರು ನನ್ನನ್ನು ದುರುಗುಟ್ಟಿ ನೋಡಿ, ಒಂದು ಚಿಟಿಕೆ ಪರಾಗವನ್ನು ಗುಡ್ಡೆಯಾಗಿ ಸುರಿದರು. ಮಧ್ಯಾಹ್ನ ನೋಡಿದರೆ ತಟ್ಟೆಯ ತುಂಬ ಶಾವಿಗೆ ಚೆಲ್ಲಿದಂತೆ ನಾಳಗಳು! ಅತ್ತೆ ಸೂಕ್ಷ್ಮದರ್ಶಕ ಬಿಟ್ಟು ಏಳಲೇ ಇಲ್ಲ. ಸಂಜೆ ಉಳಿದ ಪರಾಗವನ್ನೆಲ್ಲ ಒಂದೇ ಕೊಂಬೆಯ ಹೂಗಳಿಗೆ ದಪ್ಪಗೆ ಸವರಿದರು.

ಶರತ್ಕಾಲದಲ್ಲಿ ಆ ಕೊಂಬೆಯ ಹಣ್ಣು ಕೊಯ್ದು ಅಡುಗೆಮನೆಯಲ್ಲಿ ಕೂತು ಬೀಜ ಬಿಡಿಸಿದೆವು. ಕಪ್ಪಗೆ, ಗಟ್ಟಿಯಾಗಿದ್ದವು. ಅತ್ತೆ ಒಂದನ್ನು ಅಂಗೈಯಲ್ಲಿಟ್ಟುಕೊಂಡರು.

"ಅವತ್ತು ಸೀಸೆ ತೊಳೆದುಬಿಟ್ಟಿದ್ರೆ, ನಿಮ್ಮ ಮಾವನ್ನ ಎರಡನೇ ಸಲ ಕಳ್ಕೊಳ್ತಿದ್ದೆ ಕಣೇ," ಎಂದರು.