ರಂಗು ಅಂಗಡಿಯ ಬೋಣಿ

ಗೊಂಬೆಗೆ ಸೀರೆ ಉಡಿಸುವುದು ಮದುವೆ ಹೆಣ್ಣಿಗೆ ಉಡಿಸಿದಷ್ಟು ಸುಲಭವಲ್ಲ ಎಂಬುದು ವೆಂಕಟಲಕ್ಷ್ಮಿಗೆ ಅವತ್ತು ಬೆಳಿಗ್ಗೆ ಗೊತ್ತಾಯಿತು. ನೆರಿಗೆ ಹಿಡಿದರೆ ಸೊಂಟದಲ್ಲಿ ನಿಲ್ಲದು, ಸೆರಗು ಹಾಕಿದರೆ ನುಣ್ಣನೆಯ ಹೆಗಲಿಂದ ಜಾರುತ್ತದೆ. ಅರ್ಧ ಮಡಚಿಕೊಂಡಿದ್ದ ಕೈ ಎಷ್ಟು ಎಳೆದರೂ ಅಲುಗದು. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಗಾಜಿನ ಕಿಟಕಿಯೊಳಗೆ ಮಂಡಿಯೂರಿದ್ದ ಅವಳಿಗೆ ಆಗಲೇ ಬೆವರು ಬಂದಿತ್ತು.

"ಇದಕ್ಕಿಂತ ಕಂಬಕ್ಕೆ ಉಡಿಸೋದು ವಾಸಿ ಕಣೇ," ಎಂದಳು, ಪಿನ್ನುಗಳ ಸಂದಿಯಿಂದಲೇ.

ಮಗಳು ಧನಶ್ರೀ ಏಣಿಯ ಮೇಲೆ ನಿಂತು ಬಾಗಿಲಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದಳು. "ಕಿಟಕಿಗೆ ಒಂದಾದ್ರೂ ಸೀರೆ ಬೇಕು ಅಂತ ಹಟ ಹಿಡಿದಿದ್ದು ನೀನೇ ಅಲ್ವೇನಮ್ಮ?"

"ಹೂಂ, ನಾನೇ. ನಲವತ್ತು ವರ್ಷ ಸೀರೆ ಮಾರಿದ ಜಾಗ. ಎದುರಿಗೆ ಒಂದು ಸೀರೆನೂ ಇಲ್ದಿದ್ರೆ ಜನ ಏನಂದ್ಕೋತಾರೆ?"

"ಮೆಡಿಕಲ್ ಸ್ಟೋರು ಅಂದ್ಕೋತಾರೆ," ಎಂದ ಒಳಗಿಂದ ಅಂಗಡಿಯ ಹಳೆಯ ಕೆಲಸದಾಳು ಮುನಿನಾರಾಯಣಪ್ಪ. ಬಿಳಿ ಗೋಡೆ, ಬಿಳಿ ದೀಪಗಳ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವನು ಬೆಳಗಿನಿಂದ ಮೂರು ಸಲ ಜಾಗ ಬದಲಿಸಿದ್ದ.

ಹತ್ತೂವರೆಗೆ ಪೂಜೆ. ಆಮೇಲೆ ಅಂಗಡಿ ಹೊಸ ಹೆಸರಿನಲ್ಲಿ ಶುರು.

ಮಾಲೂರಿನ ಸ್ಟೇಷನ್ ರಸ್ತೆಯಲ್ಲಿ ಅದು ಕೋದಂಡರಾಮ ಜವಳಿ ಅಂಗಡಿ ಎಂದೇ ಎಲ್ಲರಿಗೂ ಗೊತ್ತಿದ್ದದ್ದು. ವೆಂಕಟಲಕ್ಷ್ಮಿಯ ಮಾವ ಕೋದಂಡರಾಮಪ್ಪ ಕಟ್ಟಿದ್ದು, ಗಂಡ ಗಂಗಾಧರ್ ಬೆಳೆಸಿದ್ದು. ಆರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಅವಳೇ ಬಂದು ಗಾದಿಯ ಮೇಲೆ ಕೂತಳು. ಮೊದಲೆರಡು ವರ್ಷ ಹೇಗೋ ನಡೆಯಿತು. ಆಮೇಲೆ ಮದುವೆ ಜವಳಿಗೆ ಜನ ರೈಲು ಹತ್ತಿ ಬೆಂಗಳೂರಿಗೆ ಹೋಗತೊಡಗಿದರು. ಹಬ್ಬದ ಬಟ್ಟೆಗೆ ಕೋಲಾರದಲ್ಲಿ ಮೂರು ಅಂತಸ್ತಿನ ಅಂಗಡಿ ಬಂತು. ದಿನಬಳಕೆಯದು ಫೋನಿನಲ್ಲೇ ಮನೆ ಬಾಗಿಲಿಗೆ ಬರುತ್ತಿತ್ತು. ಮೂವತ್ತು ವರ್ಷದಿಂದ ಬಟ್ಟೆ ತೋರಿಸುತ್ತ ಬಂದಿದ್ದ ಮುನಿನಾರಾಯಣಪ್ಪ, ಮಧ್ಯಾಹ್ನದ ಹೊತ್ತು ಮಡಿಸಿಟ್ಟ ಸೀರೆಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತ ಕೂರುತ್ತಿದ್ದ.

ಧನಶ್ರೀ ಏಳು ವರ್ಷ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಮಾಲೊಂದರ ಬಟ್ಟೆ ಅಂಗಡಿಗೆ ಹೋಗಿಬಂದವಳು. ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿ, ಇಡೀ ಅಂತಸ್ತು ನೋಡಿಕೊಳ್ಳುವಷ್ಟರ ಮಟ್ಟಿಗೆ ಬೆಳೆದಿದ್ದಳು. ಸಂಕ್ರಾಂತಿಯ ಹಿಂದಿನ ದಿನ ಊಟಕ್ಕೆ ಕೂತಾಗ, "ಮುಚ್ಚೋದಾದ್ರೆ ಮುಚ್ಚಿಬಿಡಮ್ಮ. ಇಲ್ಲಾಂದ್ರೆ ನಂಗೊಂದು ವರ್ಷ ಕೊಡು. ನಾನು ಕೆಲಸ ಬಿಡ್ತೀನಿ," ಎಂದಳು. ವೆಂಕಟಲಕ್ಷ್ಮಿ ಬಹಳ ಹೊತ್ತು ಅನ್ನ ಕಲೆಸುತ್ತ ಕೂತು, ಕೊನೆಗೆ, "ಆಯ್ತು," ಎಂದಿದ್ದಳು.

ಹಾಗೆಂದಾಗ ಇಷ್ಟೆಲ್ಲ ಹೋಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಗಾದಿ ಹೋಯಿತು. ಮರದ ಬೀರುಗಳು ಹೋದವು. ಹೆಸರೂ ಹೋಯಿತು. ಬೋರ್ಡು ಬರೆಯುವವನು ಇಂಗ್ಲಿಷಿನಲ್ಲಿ ಏನೇನೋ ಹೆಸರು ಹೇಳಿದ್ದ. ಧನಶ್ರೀ ಒಪ್ಪಲಿಲ್ಲ. "ರಂಗು ಅಂತ ಇಡೋಣ. ಕನ್ನಡದೋರಿಗೂ ಗೊತ್ತು, ತೆಲುಗಿನೋರಿಗೂ ಗೊತ್ತು, ಉರ್ದು ಮಾತಾಡೋರಿಗೂ ಗೊತ್ತು. ಬಾಯಿ ತಿರುಗಿಸೋ ಕಷ್ಟ ಇಲ್ಲ," ಎಂದಿದ್ದಳು. ಹೆಸರು ಕೆಟ್ಟದೇನಲ್ಲ ಎಂದು ವೆಂಕಟಲಕ್ಷ್ಮಿಗೂ ಅನಿಸಿತ್ತು. ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಅವಳಿಗೆ ನಿಜವಾಗಿ ನೋವಾದದ್ದು ಒಳಗಿನ ಮೂಲೆಯ ಬೀರು ಖಾಲಿಯಾದಾಗ. ಅದರಲ್ಲಿದ್ದದ್ದು ಬಿಳಿ ಪಂಚೆ, ಟವೆಲು, ಮಲ್ಲು ಬಟ್ಟೆ, ದಪ್ಪ ನೂಲಿನ ಸೀರೆಗಳು. ಯಾರದಾದರೂ ಮನೆಯಲ್ಲಿ ಸಾವಾದರೆ, ತಿಥಿಯಾದರೆ ಜನ ಬಂದು ಒಯ್ಯುತ್ತಿದ್ದ ಬಟ್ಟೆಗಳವು. ಅಂಥವರು ಬಂದರೆ ಗಂಗಾಧರ್ ಊಟಕ್ಕೆ ಕೂತಿದ್ದರೂ ಕೈತೊಳೆದು ಎದ್ದು ಹೋಗುತ್ತಿದ್ದ.

"ಹಬ್ಬಕ್ಕೆ ಬಟ್ಟೆ ತಗೊಳ್ಳೋಕೆ ಬಂದ ಹುಡುಗಿ ಕಣ್ಣಿಗೆ ಇದು ಬೀಳಬಾರದಮ್ಮ," ಎಂದು ಧನಶ್ರೀ ಅಷ್ಟನ್ನೂ ಸಂತೆ ವ್ಯಾಪಾರಿಗೆ ಹೊರಿಸಿ ಕಳಿಸಿದಳು. ಅವತ್ತಿನಿಂದ ಮೂರು ದಿನ ತಾಯಿ ಮಗಳ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನದಿಂದ ಮಾತಾಡಿದಳು. ಆದರೆ ಅಂಗಡಿಯನ್ನು 'ನಿನ್ನ ಅಂಗಡಿ' ಎನ್ನತೊಡಗಿದಳು.

ಸೆರಗಿಗೆ ಕೊನೆಯ ಪಿನ್ನು ಚುಚ್ಚುವಾಗ ಗಾಜಿನಾಚೆ ಒಬ್ಬ ಮನುಷ್ಯ ನಿಂತಿರುವುದು ಕಾಣಿಸಿತು. ಅರವತ್ತರ ಹತ್ತಿರದವನು. ಬೈಕನ್ನು ರಸ್ತೆ ಬದಿಗೆ ನಿಲ್ಲಿಸಿ, ಬೋರ್ಡನ್ನೊಮ್ಮೆ, ಪಕ್ಕದ ಬೇಕರಿಯನ್ನೊಮ್ಮೆ, ಮತ್ತೆ ಬೋರ್ಡನ್ನು ನೋಡುತ್ತಿದ್ದ. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

ಧನಶ್ರೀ ಏಣಿ ಇಳಿದು ಬಾಗಿಲು ತೆರೆದಳು. "ಏನು ಬೇಕಿತ್ತು ಅಣ್ಣ? ಹತ್ತೂವರೆಗೆ ಓಪನಿಂಗ್ ಇದೆ."

"ಇಲ್ಲಿ ಗಂಗಾಧರಣ್ಣನ ಜವಳಿ ಅಂಗಡಿ ಇತ್ತಲ್ಲಮ್ಮ. ಎಲ್ಲಿಗೆ ಹೋಯ್ತು?"

ಒಳಗಿಂದ ಮುನಿನಾರಾಯಣಪ್ಪ ದನಿ ಗುರುತು ಹಿಡಿದು ಬಂದ. "ಚನ್ನರಾಯಪ್ಪ ಅಲ್ವಾ? ಟೇಕಲ್ ಕಡೆಯೋರು. ಇದೇ ಬಾರಪ್ಪ ಅಂಗಡಿ, ಎಲ್ಲೂ ಹೋಗಿಲ್ಲ."

ಚನ್ನರಾಯಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ. ಹೊಳೆಯುವ ನೆಲದ ಮೇಲೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. "ನಮ್ಮ ಮುನಿಶಾಮಿ ಹೋಗ್ಬಿಟ್ಳು ಮುನಿನಾರಾಯಣಪ್ಪ. ಬೆಳಿಗ್ಗೆ ಐದಕ್ಕೆ. ಎದೆ ನೋವು ಅಂದ್ಳಂತೆ, ಅಷ್ಟೇ. ತೌರುಮನೆ ಸೀರೆ ಒಯ್ಯಬೇಕು."

ಮುನಿಶಾಮಮ್ಮ ಅವನ ತಂಗಿ. ನರಸಾಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಪ್ರತಿ ಗೌರಿ ಹಬ್ಬಕ್ಕೂ ಅವನು ತಂಗಿಗೆ ಬಾಗಿನದ ಸೀರೆ ಒಯ್ಯುತ್ತಿದ್ದದ್ದು ಈ ಅಂಗಡಿಯಿಂದಲೇ. ಮುತ್ತೈದೆಯಾಗಿ ಸತ್ತವಳಿಗೆ ತವರಿನಿಂದ ಬಂದ ಸೀರೆ ಹೊದಿಸದೆ ಎತ್ತುವಂತಿರಲಿಲ್ಲ.

ಮುನಿನಾರಾಯಣಪ್ಪನ ಕಾಲು ತಾನಾಗಿ ಒಳಮೂಲೆಯತ್ತ ಎರಡು ಹೆಜ್ಜೆ ಹಾಕಿ ನಿಂತಿತು. ಅಲ್ಲೀಗ ನಿಲುವುಗನ್ನಡಿ ಇತ್ತು. ಅವನು ಧನಶ್ರೀಯ ಕಡೆ ತಿರುಗಿ ನೋಡಿದ.

ಧನಶ್ರೀ ಇದ್ದ ಹತ್ತಾರು ಸೀರೆಗಳನ್ನು ತಂದು ಮೇಜಿನ ಮೇಲೆ ಹರಡಿದಳು. ಎಲ್ಲವೂ ಹೊಸ ನಮೂನೆಯವು. ಬೂದು ಬಣ್ಣದ್ದು, ಕಪ್ಪಿನ ಮೇಲೆ ಚಿನ್ನದ ಚುಕ್ಕಿಯದು, ತೆಳ್ಳಗೆ ನೀರಿನಂತೆ ಹರಿಯುವುದು. ಚನ್ನರಾಯಪ್ಪ ಒಂದನ್ನು ಬೆರಳಲ್ಲಿ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡ. "ಜಾರೋ ಸೀರೆ ಅವಳಿಗೆ ಆಗ್ತಿರಲಿಲ್ಲ ಪಾಪ. ಹೊಲಕ್ಕೆ ಹೋಗೋಳು. ನೂಲಿಂದು ಇಲ್ವಾ?" ಅಷ್ಟು ಹೇಳಿ ಅವನು ಕಿಟಕಿಯತ್ತ ನೋಡಿದ.

ಕಿಟಕಿಯಲ್ಲಿ ಗೊಂಬೆಯ ಮೈಮೇಲಿದ್ದದ್ದು ಗಿಳಿಹಸಿರು ಬಣ್ಣದ ಕೈಮಗ್ಗದ ನೂಲಿನ ಸೀರೆ. ಕೆಂಪು ಅಂಚು. ಇಡೀ ಅಂಗಡಿಯಲ್ಲಿ ನೂಲಿನದು ಅದೊಂದೇ.

ವೆಂಕಟಲಕ್ಷ್ಮಿ ಮಗಳ ಕೈ ಹಿಡಿದು ಕನ್ನಡಿಯ ಪಕ್ಕಕ್ಕೆ ಕರೆದುಕೊಂಡು ಹೋದಳು. "ಬೇಡ ಕಣೇ," ಎಂದಳು ತಗ್ಗಿದ ದನಿಯಲ್ಲಿ. "ಮುಂದಿನ ಬೀದೀಲಿ ಸೇಠು ಅಂಗಡಿ ತೆಗೆದಿರ್ತಾನೆ. ಮುನಿನಾರಾಯಣಪ್ಪ ಕರ್ಕೊಂಡು ಹೋಗಿ ಕೊಡಿಸಲಿ."

"ಯಾಕಮ್ಮ?"

"ಇನ್ನೂ ಪೂಜೆ ಆಗಿಲ್ಲ. ಮೊದಲನೇ ಬೋಣಿ. ಸಾವಿನ ಸೀರೆ ಬೋಣಿ ಮಾಡ್ತಾರೇನೇ ಯಾರಾದ್ರೂ?"

ಧನಶ್ರೀ ತಾಯಿಯ ಮುಖ ನೋಡಿದಳು. "ನೀನೇ ಹಿಂಗಂತೀಯಾ? ಅಪ್ಪ ಯಾವತ್ತಾದ್ರೂ ಇಂಥೋರನ್ನ ವಾಪಸ್ ಕಳಿಸಿದಾರಾ? ನೀನು ಕಳಿಸಿದೀಯಾ?"

"ಅದು ನಮ್ಮ ಅಂಗಡಿ. ಆಗೋದೆಲ್ಲ ಆಗಿಹೋಗಿತ್ತು. ಇದು ನಿಂದು. ಕೆಲಸ ಬಿಟ್ಟು ಬಂದಿದೀಯ. ಈಗ ಕಣ್ಣು ಬಿಡ್ತಾ ಇದೆ." ವೆಂಕಟಲಕ್ಷ್ಮಿ ಮಗಳ ಕೈ ಇನ್ನೂ ಬಿಟ್ಟಿರಲಿಲ್ಲ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಮೇಲೆ ನಂಗೆ ಇದೇ ನೆನಪಾಗುತ್ತೆ. ನಾನು ತಡೀಬೇಕಿತ್ತು ಅನ್ಸುತ್ತೆ."

ಮೂರು ತಿಂಗಳಿಂದ ತಾಯಿ ಈ ಅಂಗಡಿಯ ಬಗ್ಗೆ ಆಡಿದ ಮಾತುಗಳಲ್ಲಿ ಧನಶ್ರೀಗೆ ಹೀಗೆ ನಾಟಿದ್ದು ಒಂದೂ ಇರಲಿಲ್ಲ. ಆಚೆ ಚನ್ನರಾಯಪ್ಪ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ. ಅಲ್ಲಿಂದ ನರಸಾಪುರಕ್ಕೆ ಅವನಿನ್ನೂ ಅಷ್ಟು ದೂರ ಬೈಕು ಓಡಿಸಬೇಕಿತ್ತು.

"ಅವರು ಬೋರ್ಡ್ ಓದ್ಕೊಂಡು ಬಂದಿಲ್ಲಮ್ಮ," ಎಂದಳು ಧನಶ್ರೀ. "ಅಪ್ಪನ ಹೆಸರು ಹೇಳ್ಕೊಂಡು ಬಂದವ್ರೆ. ಇಲ್ಲ ಅಂತ ನಾನು ಹೇಳಲ್ಲ."

ವೆಂಕಟಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಟಕಿಯೊಳಗೆ ಹತ್ತಿದಳು. ನೆರವಿಗೆ ಬಂದ ಮಗಳನ್ನು, "ನೀನಿರು, ಬಟ್ಟೆ ಹರೀತೀಯ," ಎಂದು ತಡೆದಳು. ಒಂದೊಂದೇ ಪಿನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಸೆರಗಿನದು, ಹೆಗಲಿನದು, ನೆರಿಗೆಯದು. ಸೀರೆಯನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಈ ತುದಿಯಿಂದ ಆ ತುದಿಯವರೆಗೆ ಅಂಗೈಯಿಂದ ಸವರುತ್ತ ಹೋದಳು. ತಿರುಗಿಸಿ ಹಾಕಿ ಮತ್ತೆ ಸವರಿದಳು. ಅಂಚಿನಲ್ಲಿ ಉಳಿದುಹೋಗಿದ್ದ ಒಂದು ಪಿನ್ನು ಬೆರಳಿಗೆ ತಾಗಿತು. ತೆಗೆದಳು.

"ಚುಚ್ಚಬಾರದು," ಎಂದಳು.

ಧನಶ್ರೀ ಬೆಲೆಯ ಚೀಟಿ ಕತ್ತರಿಸಿದಳು. ಸೀರೆ ಹಾಕಿಕೊಡಲು ಹೊಸ ಚೀಲ ಕೈಗೆತ್ತಿಕೊಂಡಳು. 'ರಂಗು: ಪ್ರತಿದಿನವೂ ಹಬ್ಬ' ಎಂದು ಅದರ ಮೇಲೆ ಗುಲಾಬಿ ಬಣ್ಣದಲ್ಲಿ ಅಚ್ಚಾಗಿತ್ತು. ಚೀಲವನ್ನು ಹಾಗೇ ಕೆಳಗಿಟ್ಟಳು. ಮುನಿನಾರಾಯಣಪ್ಪ ಹಳೆಯ ಪೇಪರಿನಲ್ಲಿ ಸೀರೆ ಸುತ್ತಿ ದಾರ ಕಟ್ಟಿದ. ಚನ್ನರಾಯಪ್ಪ ದುಡ್ಡು ಕೊಟ್ಟು, ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲತ್ತ ತಿರುಗಿದ. ಏಳು ವರ್ಷದ ಅಭ್ಯಾಸದಿಂದ ಧನಶ್ರೀಯ ಬಾಯಿ, "ಮತ್ತೆ..." ಎಂದು ತೆರೆಯಿತು. ತಾಯಿ ಅವಳ ಮಣಿಕಟ್ಟು ಒತ್ತಿದಳು. ಇಂಥ ಬಟ್ಟೆ ಒಯ್ಯುವವರಿಗೆ ಮತ್ತೆ ಬನ್ನಿ ಎನ್ನಬಾರದು. ಅದನ್ನು ಮಾಲಿನಲ್ಲಿ ಯಾರೂ ಕಲಿಸಿರಲಿಲ್ಲ.

ಹತ್ತೂವರೆಗೆ ಪೂಜೆಯಾಯಿತು. ಕಿಟಕಿಯ ಗೊಂಬೆಗೆ ಹಳದಿ ಕುರ್ತಾ ತೊಡಿಸಿದ್ದರು. ನಿವೃತ್ತ ಟೀಚರು ಭಾರತಮ್ಮ ದೀಪ ಹಚ್ಚಿ, ಮೊಮ್ಮಗಳಿಗೆಂದು ಒಂದು ಫ್ರಾಕು ಕೊಂಡು, "ನನ್ನ ಕೈ ಬೋಣಿ, ಒಳ್ಳೇದಾಗುತ್ತೆ," ಎಂದರು. ಬಂದವರು ಚಪ್ಪಾಳೆ ತಟ್ಟಿದರು. ತಾಯಿ, ಮಗಳು, ಮುನಿನಾರಾಯಣಪ್ಪ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಂಗಡಿ ಒಂದೇ ಏಟಿಗೆ ತುಂಬಿ ತುಳುಕಲಿಲ್ಲ. ಮೊದಲ ವಾರ ಬಂದವರಲ್ಲಿ ಅರ್ಧ ಜನ ಹೊಸ ಅಂಗಡಿ ನೋಡಿಕೊಂಡು ಹೋಗಲು ಬಂದವರು. ಹಳ್ಳಿಯ ಕೆಲ ಹೆಂಗಸರು ಗಾಜಿನ ಬಾಗಿಲ ತನಕ ಬಂದು ಹಿಂದಿರುಗಿದರು. ಮುನಿನಾರಾಯಣಪ್ಪ ಹೊರಗೆ ಕುರ್ಚಿ ಹಾಕಿಕೊಂಡು ಕೂತು, "ರಾಂಡಮ್ಮಾ, ಒಳಕ್ಕೆ ಬನ್ನಿ, ಅದೇ ಅಂಗಡಿ," ಎಂದು ತೆಲುಗು ಕನ್ನಡ ಎರಡರಲ್ಲೂ ಕರೆಯತೊಡಗಿದ ಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದರು. ಭಾನುವಾರಗಳಲ್ಲಿ ನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವ ಹುಡುಗಿಯರು ಗುಂಪಾಗಿ ಬರುತ್ತಿದ್ದರು. ಒಂದು ಕುರ್ತಾಕ್ಕೆ ಮೂವರು ಸೇರಿ ಅಭಿಪ್ರಾಯ ಹೇಳುತ್ತಿದ್ದರು. ಮೂರನೆಯ ವಾರ ಧನಶ್ರೀ ಮೆಟ್ಟಿಲ ಕೆಳಗಿನ ಜಾಗಕ್ಕೆ ಒಂದು ಬೀರು ಮಾಡಿಸಿ ಅದರಲ್ಲಿ ಪಂಚೆ, ಟವೆಲು, ನೂಲಿನ ಸೀರೆ ತುಂಬಿಸಿದಳು. ಬೀಗದ ಕೈಯನ್ನು ಮುನಿನಾರಾಯಣಪ್ಪನ ಮುಂದೆ ಇಟ್ಟು, "ಮಾಮ, ಇದು ನಿಮ್ಮದು. ನಂಗೆ ಗೊತ್ತಾಗಲ್ಲ," ಎಂದಳು.

ಒಂದೂವರೆ ತಿಂಗಳಾದ ಮೇಲೆ ಒಂದು ಭಾನುವಾರ ಚನ್ನರಾಯಪ್ಪ ಮತ್ತೆ ಬಂದ. ಜೊತೆಗೆ ಇಪ್ಪತ್ತೆರಡರ ಒಂದು ಹುಡುಗಿ. "ನಮ್ಮ ಮುನಿಶಾಮಿ ಮಗಳು ರಜನಿ," ಎಂದ. "ನಾಳೆಯಿಂದ ಮತ್ತೆ ಫ್ಯಾಕ್ಟರಿ ಡ್ಯೂಟಿಗೆ ಹೋಗ್ತಾಳೆ. ಸೂತಕ ಕಳೆದ ಮೇಲೆ ಸೋದರಮಾವ ಹೊಸ ಬಟ್ಟೆ ಕೊಡಿಸಬೇಕಲ್ಲ. ಒಂದು ಜೊತೆ ಒಳ್ಳೇದು ತೋರ್ಸಿ."

ಧನಶ್ರೀ ಹುಡುಗಿಯ ಮುಂದೆ ನಾಲ್ಕಾರು ಬಣ್ಣ ಹಿಡಿದಳು. ರಜನಿ ಎಲ್ಲಕ್ಕೂ ತಲೆಯಾಡಿಸಿದಳು. "ಯಾವುದಾದ್ರೂ ಆಗುತ್ತೆ ಅಕ್ಕ," ಎಂದು ಕೈಗೆ ಸಿಕ್ಕ ನೀಲಿ ಕುರ್ತಾ ತೆಗೆದುಕೊಂಡು, ಹಾಕಿ ನೋಡುತ್ತೇನೆಂದು ಮೂಲೆಯ ಟ್ರಯಲ್ ರೂಮಿಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು.

ಐದು ನಿಮಿಷವಾಯಿತು. ಹತ್ತಾಯಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಬರಿಗಾಲು ಕಾಣುತ್ತಿದ್ದವು. ಮೊದಲು ನಿಂತಿದ್ದವು, ಆಮೇಲೆ ಗೋಡೆಗೆ ಒರಗಿ ಕೂತಂತೆ ಪಾದಗಳು ಮುಂದಕ್ಕೆ ಬಂದವು. ಹ್ಯಾಂಗರಿನಿಂದ ತೆಗೆಯದ ನೀಲಿ ಕುರ್ತಾ ಪಾದಗಳ ಪಕ್ಕದಲ್ಲೇ ನೆಲದ ಮೇಲೆ ಬಿದ್ದಿತ್ತು. ಸದ್ದೇನೂ ಇರಲಿಲ್ಲ. ಚನ್ನರಾಯಪ್ಪ ಹೊರಗೆ ಮುನಿನಾರಾಯಣಪ್ಪನ ಜೊತೆ ಟೀ ಕುಡಿಯುತ್ತಿದ್ದ. ತಿಂಗಳಿಡೀ ಬಂದುಹೋಗುವವರಿಂದ ತುಂಬಿದ್ದ ಮನೆ, ತಂದೆ, ಇಬ್ಬರು ತಮ್ಮಂದಿರು, ಎಲ್ಲರ ಅನ್ನ ನೀರು ಅವಳೇ ನೋಡಿಕೊಳ್ಳುತ್ತಿದ್ದಾಳೆ, ಒಂದು ಗಳಿಗೆ ಒಬ್ಬಳೇ ಕೂರಲೂ ಬಿಡುವಿಲ್ಲ ಎಂದು ಅವನು ಹೇಳುತ್ತಿದ್ದದ್ದು ಒಳಗೂ ಕೇಳಿಸುತ್ತಿತ್ತು.

ಮೂರು ಟಾಪು ಹಿಡಿದು ಕಾಯುತ್ತಿದ್ದ ಇನ್ನೊಬ್ಬ ಹುಡುಗಿ, "ಅಕ್ಕ, ಒಳಗೆ ಯಾರಿದಾರೆ?" ಎಂದಳು. ಧನಶ್ರೀ ಬಾಗಿಲು ತಟ್ಟಲು ಕೈ ಎತ್ತಿದಳು.

ವೆಂಕಟಲಕ್ಷ್ಮಿ ಬಂದು ಆ ಕೈ ಇಳಿಸಿದಳು. ಒಂದು ಸ್ಟೂಲು ಎಳೆದು ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು, ಬೆನ್ನು ಬಾಗಿಲಿಗೆ ಮಾಡಿ ಕೂತಳು. ಪಕ್ಕದ ಮೇಜಿನಿಂದ ಚೆಲ್ಲಾಪಿಲ್ಲಿಯಾಗಿದ್ದ ದುಪಟ್ಟಾಗಳ ರಾಶಿಯನ್ನು ಮಡಿಲಿಗೆ ಎಳೆದುಕೊಂಡಳು.

"ಸ್ವಲ್ಪ ತಡಿಯಮ್ಮ. ಇನ್ನೂ ಹೊತ್ತಾಗುತ್ತೆ," ಎಂದು ಕಾಯುತ್ತಿದ್ದವಳಿಗೆ ಹೇಳಿ, ಒಂದು ದುಪಟ್ಟಾ ತೆಗೆದು ಅಂಚಿಗೆ ಅಂಚು ಕೂಡಿಸಿ ನಿಧಾನವಾಗಿ ಮಡಿಸತೊಡಗಿದಳು.