ಊಟದ ಹೊತ್ತಿನ ಪದ

ತೀರಿಕೊಂಡ ಅಪ್ಪನಿಗೆ ಅಂಗಿ ತೊಡಿಸಿ, ಮಗಳು ಕತ್ತಿನ ಗುಂಡಿಯನ್ನೂ ಹಾಕಿದಳು.

"ಅದೊಂದು ಬಿಟ್ಬಿಡೇ. ಅವರಿಗೆ ಕತ್ತು ಬಿಗಿಯುತ್ತೆ," ಎಂದಳು ಅಮ್ಮ. ಇನ್ನು ಬಿಗಿಯುವುದೇನು ಬಂತು, ಆದರೂ ಮಗಳು ಗುಂಡಿ ಬಿಚ್ಚಿದಳು.

ನಿಘಂಟು ಕಚೇರಿಯಲ್ಲಿ ಅಪ್ಪನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಸುಮ್ಮನಿರುವ ಆಸಾಮಿಯಲ್ಲ.

"ಇನ್ನು ನಮಗೆ ಊಟ ರುಚಿಸಲ್ಲಮ್ಮಾ. ಡಬ್ಬಿ ಬಿಚ್ಚಿದ್ರೆ ದಿನಕ್ಕೊಂದು ಪದ ಹಿಡ್ಕೋತಿದ್ರು. ಎಲ್ಲಿ ಹುಟ್ಟಿತು, ಎಲ್ಲಿ ಕೆಟ್ಟಿತು, ಎಲ್ಲಾ ಹೇಳಿ ಮುಗಿಸೋ ತನಕ ಬಿಡ್ತಿರಲಿಲ್ಲ. ಮನೇಲಿ ಇನ್ನೆಷ್ಟು ಹೇಳ್ತಿದ್ರೋ!"

ಅಮ್ಮ ಪೆಚ್ಚಾದಳು. "ಮನೇಲಾ? ಉಪ್ಪು ಕೇಳೋಕೆ ಬಾಯಿ ಬಿಟ್ರೆ ಹೆಚ್ಚು. ಮೊದಲೆಲ್ಲ ಹೇಳ್ತಿದ್ರು. ಆಮೇಲೆ ಯಾಕೋ ನಿಲ್ಲಿಸಿಬಿಟ್ರು."

ಯಾಕೆಂದು ಮಗಳಿಗೆ ಗೊತ್ತಿತ್ತು.

* * *

ನಗಿಸುವುದೇ ಅವಳ ಕಸುಬು. ಮೊದಲ ಸಲ ಒಬ್ಬಳೇ ರಂಗದ ಮೇಲೆ ನಿಂತ ದಿನ, ಬೇರೇನೂ ತೋಚದೆ, ಊಟದ ನಡುವೆ ಪದದ ಕತೆ ಹೇಳುವ ಅಪ್ಪನನ್ನೇ ಅಣಕಿಸಿದಳು. ಕನ್ನಡಕ ಮೂಗಿನ ತುದಿಗೆ, ತುತ್ತು ಕೈಯಲ್ಲೇ.

"ಕಾಮಿಡಿ! ಗ್ರೀಕರ ಮಾತು. ಕುಡಿದು ಕುಣಿದು ಬೀದಿ ಸುತ್ತೋ ಗುಂಪಿಗೆ ಕೋಮೋಸ್ ಅಂತಿದ್ರು. ಅವರ ಹಾಡೇ ಕಾಮಿಡಿ. ಅಲ್ಲ, ಹಳ್ಳಿ ಹಾಡು ಅಂತ ಜಗಳ ಆಡೋರೂ ಇದ್ದಾರೆ. ತಡಿ, ಆಮೇಲೆ ತಿನ್ನು! ಒಂದು ಕಾಲದಲ್ಲಿ ಕಷ್ಟದಲ್ಲಿ ಶುರುವಾಗಿ ಸುಖದಲ್ಲಿ ಮುಗಿಯೋ ಕತೆಗೂ ಅದೇ ಹೆಸರು. ಯಾರೂ ನಗಬೇಕಾಗಿರಲಿಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನೂ ನಕ್ಕರು. "ಚೆನ್ನಾಗಿ ಮಾಡಿದೆ ಮಗಳೇ. ಇಷ್ಟೊಂದು ಕೊರೀತೀನಿ ಅಂತ ನಂಗೇ ಗೊತ್ತಿರಲಿಲ್ಲ."

ಮರುದಿನದಿಂದ ಊಟಕ್ಕೆ ಕೂತರೆ ಮೌನ. ಆಗ ಅವಳಿಗೆ ನಿರಾಳವೇ ಆಗಿತ್ತು. 'ಅಪ್ಪಾ, ಇವತ್ತಿನ ಪದ ಏನು?' ಎಂದು ಕೇಳಿದ್ದರೆ ಸಾಕಿತ್ತು. ನಾಳೆ ಕೇಳಿದರಾಯಿತು ಎಂದುಕೊಂಡೇ ವರ್ಷಗಳು ಕಳೆದವು.

* * *

"ನಾಟಕದಲ್ಲಿ ನೀನು ಅವರ ಹಾಗೇ ಮಾಡಿದ್ದೆಯಂತಲ್ಲಮ್ಮಾ," ಎಂದರು ಪಕ್ಕದ ಮೇಜಿನವರು. "ಆಫೀಸಿಗೆಲ್ಲ ಹೇಳ್ಕೊಂಡು ಬಂದಿದ್ರು. ಏನು ಹೆಮ್ಮೆ!"

"ಹೌದೇನೇ? ನಾನು ನೋಡೇ ಇಲ್ಲ," ಎಂದಳು ಅಮ್ಮ. "ಒಂದ್ಸಲ ಮಾಡೇ. ಅವರ ದನಿ ಕೇಳ್ಬೇಕು ನಂಗೆ."

"ಅಮ್ಮಾ, ಇವತ್ತಾ?"

"ಇವತ್ತಲ್ದೆ ಇನ್ಯಾವತ್ತು?"

ಮಗಳು ಗಂಟಲು ಸರಿಮಾಡಿಕೊಂಡಳು. ಅದೇ ದನಿ, ಅದೇ ಅವಸರ, ಅದೇ ಬೀದಿ ಸುತ್ತುವ ಗುಂಪು. ಯಾರೂ ನಗಲಿಲ್ಲ. ಹೊರಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬಂದು ನಿಂತಿತು.

ಅಮ್ಮ ಹತ್ತಿರ ಸರಿದು ಕೂತಳು. "ಇನ್ನೊಂದು ಪದ ಹೇಳ್ರೀ," ಎಂದಳು, ಗಂಡನನ್ನು ಕೇಳುವ ಹಾಗೆ.

ಮಗಳಿಗೆ ಬರುತ್ತಿದ್ದುದು ಅದೊಂದೇ. ಅಮ್ಮ ಮುಖ ಮೇಲೆತ್ತಿ ಕಾಯುತ್ತಲೇ ಇದ್ದಳು.