ಒಳಗೆ ಬಟ್ಟೆ, ಹೊರಗೆ ಸಾಹೇಬರು

ತೆರಿಗೆ ಅಧಿಕಾರಿ ದೋಣಿ ನೋಡಲು ಬರುತ್ತಾರೆಂದು ಗೊತ್ತಾದ ಬೆಳಿಗ್ಗೆ ಅತ್ತೆ ಮನೆಯಲ್ಲಿದ್ದ ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ಒಟ್ಟಿಗೆ ಕಾಯಿಸಿಬಿಟ್ಟರು. ಅವರದು ಲಾಂಡ್ರಿ ನಡೆಸುವ ಮನೆ. ದೊಡ್ಡವರು ಯಾರಾದರೂ ಬಂದರೆ ಆಗಷ್ಟೇ ಇಸ್ತ್ರಿಯಾದ, ಇನ್ನೂ ಬಿಸಿ ಆರದ ಬಿಳಿ ಹಾಸು ಹಾಸಿ ಕೂರಿಸುವುದು ಆ ಮನೆಯ ಮರ್ಯಾದೆ. ಸೊಸೆ ಮದುವೆಯಾಗಿ ಕಾಲಿಟ್ಟ ದಿನ ಅವಳಿಗೂ ಹಾಸಿದ್ದರು. ಆಮೇಲೆ ಒಂದು ದಿನವೂ ಹಾಸಿಲ್ಲ ಅನ್ನುವುದು ಬೇರೆ ಮಾತು.

ದೋಣಿಯ ಯೋಚನೆ ಸೊಸೆಯದೇ. ಸರೋವರದ ಈ ದಡದಲ್ಲಿ ಇವರ ಲಾಂಡ್ರಿ, ಆ ದಡದಲ್ಲಿ ದೊಡ್ಡಾಸ್ಪತ್ರೆ. ಆಸ್ಪತ್ರೆಯ ಬೆಡ್‌ಶೀಟುಗಳೇ ಇವರ ಅನ್ನ. ಹಳೆಯ ದೋಣಿಗೆ ಮೇಲೆ ಮಾಡು, ಅಂದರೆ ಚಾವಣಿ, ಇಲ್ಲ; ಟಾರ್ಪಾಲು ಹೊದಿಸಿ ಒಯ್ಯಬೇಕು. ಗಾಳಿ ಬೀಸಿದರೆ ಟಾರ್ಪಾಲು ಒಂದು ಕಡೆ, ಶೀಟು ಇನ್ನೊಂದು ಕಡೆ. ಎರಡು ಸಲ ಒದ್ದೆ ಗಂಟುಗಳನ್ನೇ ಒಪ್ಪಿಸಬೇಕಾಗಿ ಬಂದಾಗ ಆಸ್ಪತ್ರೆಯ ಉಗ್ರಾಣದಾಕೆ ಖಡಾಖಂಡಿತವಾಗಿ ಹೇಳಿದ್ದಳು: "ಇನ್ನೊಂದ್ಸಲ ಹೀಗಾದ್ರೆ ವ್ಯಾನ್ ಇಟ್ಟಿರೋ ಕಂಪನಿಗೆ ಕೊಟ್ಬಿಡ್ತೀನಿ. ಆಮೇಲೆ ನನ್ನ ಬೈಕೋಬೇಡಿ."

ಅವತ್ತೇ ಸೊಸೆ ದೋಣಿ ಕಟ್ಟುವ ಮೇಸ್ತ್ರಿಯ ಹತ್ತಿರ ಹೋಗಿ, ಗಟ್ಟಿಯಾದ ಮಾಡು, ಗಾಜಿನ ಕಿಟಕಿ, ಬಿಗಿಯಾಗಿ ಮುಚ್ಚುವ ಬಾಗಿಲು ಇರುವ ಕ್ಯಾಬಿನ್ ದೋಣಿ ಬೇಕೆಂದಳು. ಮೇಸ್ತ್ರಿ ಜೀವಮಾನದಲ್ಲಿ ಕಟ್ಟಿದ್ದೆಲ್ಲ ಮೀನಿನ ದೋಣಿ, ಮರಳಿನ ದೋಣಿ. ಕ್ಯಾಬಿನ್ ಅಂದ ಕೂಡಲೇ ಅವನ ಕೈ ತುರಿಸತೊಡಗಿತು. ಹಲಗೆ ಹಲಗೆಗೂ ಪಾಲಿಶ್ ಹೊಡೆದ, ಬಾಗಿಲಿಗೆ ಹಿತ್ತಾಳೆಯ ಹಿಡಿ ಹಾಕಿದ. ದೋಣಿ ಎಷ್ಟು ಚೆನ್ನಾಗಿತ್ತೆಂದರೆ ಆ ದಾರಿಯಲ್ಲಿ ಹೋಗುತ್ತಿದ್ದ ಹೋಟೆಲಿನ ಯಜಮಾನನೊಬ್ಬ ಕಾರು ನಿಲ್ಲಿಸಿ, ತನ್ನ ಅತಿಥಿಗಳನ್ನು ತಿರುಗಾಡಿಸಲು ಇದೇ ಬೇಕೆಂದು ಪಟ್ಟು ಹಿಡಿದ. ಮೇಸ್ತ್ರಿ ನೇರವಂತ. ಮೊದಲು ಮಾತು ಕೊಟ್ಟಿದ್ದು ಲಾಂಡ್ರಿಯವರಿಗೆ, ತಿಂಗಳ ಕೊನೆಯೊಳಗೆ ಅವರಿಗೆ ಆಗದಿದ್ದರೆ ನೋಡೋಣ ಎಂದು ಸಾಗಹಾಕಿದ್ದ.

ಬೆಲೆ ಹೊಂದಿಸಿಯಾಗಿತ್ತು. ಉಳಿದದ್ದು ತೆರಿಗೆ. ದುಡಿಯುವ ದೋಣಿಗಾದರೆ ಬರೀ ಮಾರಾಟ ತೆರಿಗೆ. ಮೋಜಿನ ದೋಣಿಗಾದರೆ ಮೊದಲು ಐಷಾರಾಮಿ ತೆರಿಗೆ, ಆಮೇಲೆ ಅದನ್ನೂ ಬೆಲೆಗೆ ಸೇರಿಸಿ ಅಷ್ಟರ ಮೇಲೂ ಮಾರಾಟ ತೆರಿಗೆ. ಇಸ್ತ್ರಿಯಾದ ಬಟ್ಟೆಗೇ ಮತ್ತೊಮ್ಮೆ ಇಸ್ತ್ರಿ ಹಾಕಿ ಎರಡು ಸಲದ ದುಡ್ಡು ಕೇಳಿದ ಹಾಗೆ. ಯಾವ ದೋಣಿ ಯಾವ ವರ್ಗ ಎಂಬುದನ್ನು ಮಾರಾಟಕ್ಕೆ ಮೊದಲೇ ಅಧಿಕಾರಿ ಬಂದು ಕಣ್ಣಾರೆ ನೋಡಿ ಹೇಳಬೇಕು. ನಮ್ಮದು ಬಟ್ಟೆ ಸಾಗಿಸುವ ದೋಣಿ, ಹೆದರುವುದೇನಿದೆ ಎಂದು ಸೊಸೆ ನಿಶ್ಚಿಂತೆಯಾಗಿದ್ದಳು.

ಅಧಿಕಾರಿ ಬಂದರು. ಎಳೆಯ ವಯಸ್ಸು, ಮಾತು ಮೃದು, ನಿಯಮದ ಗೆರೆ ದಾಟದ ಮನುಷ್ಯ. ಸೊಸೆ ಹೆಮ್ಮೆಯಿಂದ ಕ್ಯಾಬಿನ್ ಬಾಗಿಲು ತೆಗೆದಳು. ತೆಗೆದವಳು ಹಾಗೇ ನಿಂತುಬಿಟ್ಟಳು. ಅತ್ತೆ ಬೆಳಿಗ್ಗೆಯೇ ಬಂದು ಕೆಲಸ ಮುಗಿಸಿ ಹೋಗಿದ್ದರು. ಉದ್ದಕ್ಕೂ ಬಿಳಿ ಹಾಸು, ಅದರ ಮೇಲೆ ಎರಡು ದಿಂಬು, ಕಿಟಕಿಗೆ ನೆರಿಗೆ ಹಿಡಿದ ಪರದೆ, ಮೂಲೆಯಲ್ಲಿ ಲೋಟದೊಳಗೆ ಹೂವು. ಮದುಮಕ್ಕಳ ಕೋಣೆಯೂ ಅಷ್ಟು ಸಿಂಗಾರವಾಗಿರುವುದಿಲ್ಲ.

"ಸುಮ್ನೆ ನೋಡ್ತಾ ನಿಂತ್ರಲ್ಲ ಸಾಹೇಬ್ರೆ," ಎಂದರು ಅತ್ತೆ ಹಿಂದಿನಿಂದ, ಮುಖ ಊರಗಲ ಮಾಡಿಕೊಂಡು. "ಒಂದ್ಗಳಿಗೆ ಒರಗಿ ನೋಡಿ. ಎಂಥ ನಿದ್ದೆ ಬರುತ್ತೆ ಅಂತೀರಿ!"

ಅಧಿಕಾರಿ ಒರಗಲಿಲ್ಲ. ದಿಂಬು ಒತ್ತಿ ನೋಡಿದರು, ಪರದೆ ಸರಿಸಿ ನೋಡಿದರು. ಆಮೇಲೆ ಬೇಸರದಿಂದಲೇ ಹೇಳಿದರು. "ಇದು ಮೋಜಿನ ದೋಣಿ ವರ್ಗಕ್ಕೆ ಬರುತ್ತಮ್ಮ. ಐಷಾರಾಮಿ ತೆರಿಗೆ ಬೀಳುತ್ತೆ."

ಸೊಸೆ ಹಾಸಿನ ಒಂದು ತುದಿ ಹಿಡಿದೆಳೆದಳು. "ಇದೆಲ್ಲ ನಿಮಗೋಸ್ಕರ ಹಾಸಿದ್ದು ಸಾರ್! ನೀವು ಆಚೆ ಹೋದ್ಮೇಲೆ ತೆಗೆದ್ಬಿಡ್ತೀವಿ."

"ನಾನು ಹೋದ್ಮೇಲೆ ತೆಗೀತೀರೋ, ಇನ್ನೊಂದಿಷ್ಟು ಹಾಸ್ತೀರೋ, ನನಗೆ ಹೇಗೆ ಗೊತ್ತಾಗಬೇಕು? ನಾನು ಕಂಡದ್ದನ್ನು ಹೇಳಬೇಕು. ಒಪ್ಪಿಗೆ ಇಲ್ಲ ಅಂದ್ರೆ ಇನ್ನೊಂದ್ಸಲ ನೋಡಿ ಅಂತ ಕೇಳಬಹುದು. ಒಂದೇ ಸಲ."

ಆ ರಾತ್ರಿಯ ಊಟಕ್ಕೆ ಅತ್ತೆ ಬರಲಿಲ್ಲ. ಗಂಡ ತಾಯಿಯನ್ನು ಅನ್ನಬಾರದ್ದೆಲ್ಲ ಅಂದ. ಸರ್ಕಾರಕ್ಕೆ ಹಾಸಿಗೆ ಹಾಸಿಕೊಟ್ಟವರನ್ನು ಎಲ್ಲೂ ಕಂಡಿಲ್ಲ ಎಂದ. ಮದುವೆಯಾದ ದಿನದಿಂದ ಅತ್ತೆಯೊಂದಿಗೆ ಸೋಪಿನ ಅಳತೆಗೂ ಜಗಳವಾಡಿದ್ದ ಸೊಸೆ ಅಂದು ಅವರ ಪರ ನಿಂತಳು. "ಅವರು ಮರ್ಯಾದೆ ಮಾಡಿದ್ರು. ತಪ್ಪು ಮಾಡ್ಲಿಲ್ಲ. ನೀವು ಸುಮ್ನಿರಿ." ಆದರೆ ಆ ಎರಡೆರಡು ತೆರಿಗೆ ಕಟ್ಟುವ ಶಕ್ತಿ ಮನೆಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ದೋಣಿ ಹೋಟೆಲಿನವನ ಪಾಲಾದರೆ ಇವರ ಆಸ್ಪತ್ರೆಯ ಕೆಲಸ ವ್ಯಾನಿನವರ ಪಾಲಾದಂತೆಯೇ ಸರಿ.

ಬೆಳಗಾಗುತ್ತಲೇ ಅವಳು ಸರೋವರ ದಾಟಿ ತೆರಿಗೆ ಕಚೇರಿಗೆ ಹೋಗಿ ನಿಂತಳು. "ಸಾರ್, ನಿಂತಿರೋ ದೋಣಿ ನೋಡಿದ್ರಿ. ದುಡಿಯೋದನ್ನ ನೋಡಿ. ನಮ್ಮ ದಡಕ್ಕೆ ಬನ್ನಿ, ಶೀಟಿನ ಜೊತೆ ನಿಮ್ಮನ್ನೂ ದೋಣಿ ನಿಲ್ಲೋ ಆಸ್ಪತ್ರೆ ದಕ್ಕೆಗೆ ಮುಟ್ಟಿಸ್ತೀವಿ." ಅಧಿಕಾರಿ ಆಗಲಿ ಎಂದರು. ಮೇಸ್ತ್ರಿ ಒಂದು ದಿನದ ಮಟ್ಟಿಗೆ ದೋಣಿ ಕೊಟ್ಟ. ಅತ್ತೆಗೆ ಮಾತ್ರ ಸೊಸೆ ಕೈಮುಗಿದು ಕೇಳಿಕೊಂಡಳು. "ಅತ್ತೆ, ನೀವು ಬನ್ನಿ. ಗಂಟು ಜೋಡಿಸೋಕೆ ನಿಮ್ಮಂಥವರು ಯಾರೂ ಇಲ್ಲ. ಆದ್ರೆ ಒಂದು ಮಾತೂ ಆಡಬೇಡಿ."

"ತುಟಿ ಬಿಚ್ಚಲ್ಲ ಕಣೇ," ಎಂದರು ಅತ್ತೆ.

ಹೊರಡುವಾಗ ಬಿಸಿಲು ಫಳಫಳ ಹೊಳೆಯುತ್ತಿತ್ತು. ಸೊಸೆ ಹಿಂಭಾಗದಲ್ಲಿ ಇಂಜಿನ್ ಹಿಡಿದು ನಿಂತಳು. ಕ್ಯಾಬಿನ್ ತುಂಬ ಬಿಳಿ ಗಂಟುಗಳು, ಕಾಲಿಡಲು ಜಾಗವಿಲ್ಲ. ಅಧಿಕಾರಿ ಹತ್ತಿದಾಗ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೇ ತಡ, ಅತ್ತೆಯ ರಕ್ತದಲ್ಲಿದ್ದ ಮರ್ಯಾದೆ ಎದ್ದು ಕೂತಿತು. ಮಾತನಾಡಬೇಡಿ ಎಂದು ಸೊಸೆ ಹೇಳಿದ್ದಳೇ ಹೊರತು ಕೈ ಆಡಿಸಬೇಡಿ ಎಂದಿರಲಿಲ್ಲವಲ್ಲ! ಅರ್ಧ ಗಂಟುಗಳನ್ನು ಎತ್ತಿ ದೋಣಿಯ ಮುಂಭಾಗದ ಬಯಲಿನಲ್ಲಿ ಇಟ್ಟು, ಒಳಗೆ ಜಾಗ ಮಾಡಿ, ಒಂದು ಗಂಟನ್ನು ಬೆನ್ನಿಗೆ ಒರಗು ಕೊಟ್ಟು ಅಧಿಕಾರಿಯನ್ನು ಕೂರಿಸಿಯೇಬಿಟ್ಟರು. ಹಗ್ಗ ಬಿಚ್ಚುತ್ತಿದ್ದ ಸೊಸೆ ತಿರುಗಿ ನೋಡುವಷ್ಟರಲ್ಲಿ ಕೆಲಸ ಕೆಟ್ಟಾಗಿತ್ತು.

"ಪರವಾಗಿಲ್ಲ, ಬಹಳ ಆರಾಮಾಗಿದೆ," ಎಂದರು ಅಧಿಕಾರಿ ಒಳಗಿನಿಂದ. ದೋಣಿ ಸಾಗಿದ ಮೇಲೆ ಇನ್ನೂ ಒಂದು ಮಾತು ಸೇರಿಸಿದರು. "ಕಿಟಕಿಯಿಂದ ನೀರು ಎಷ್ಟು ಚೆನ್ನಾಗಿ ಕಾಣುತ್ತೆ!"

ಸೊಸೆಗೆ ನೀರಿಗೆ ಹಾರಿಬಿಡೋಣ ಅನ್ನಿಸಿತು. ಆರಾಮ, ನೋಟ, ಒರಗು ದಿಂಬು. ಇನ್ನು ಹೋಟೆಲಿನವನಿಗೆ ಕೀಲಿಕೈ ಕೊಡುವುದೊಂದೇ ಬಾಕಿ. ಅತ್ತೆಯ ಕಡೆ ಕೆಂಗಣ್ಣು ಬಿಟ್ಟಳು. ಅತ್ತೆ ಕೊಟ್ಟ ಮಾತಿನಂತೆ ತುಟಿ ಬಿಗಿಹಿಡಿದು ಕೂತಿದ್ದರು, ಪಾಪ, ತಾವೇನೋ ಒಳ್ಳೆಯದು ಮಾಡಿದೆವೆಂಬ ಸಮಾಧಾನದಲ್ಲಿ.

ಸರೋವರದ ನಡುವಿಗೆ ಬಂದಾಗ ಬಿಸಿಲು ಇದ್ದಕ್ಕಿದ್ದಂತೆ ಮಂಕಾಯಿತು. ಹಿಂದಿನ ಗುಡ್ಡದ ಕಡೆಯಿಂದ ಕರಿಮೋಡ ಓಡಿಬಂತು. ಮೊದಲು ನಾಲ್ಕು ದಪ್ಪ ಹನಿ ಮುಂಭಾಗದ ಗಂಟುಗಳ ಮೇಲೆ ಟಪಟಪನೆ ಬಿದ್ದವು. ಅಷ್ಟೇ. ಅತ್ತೆ ಸೆಟೆದು ನಿಂತರು. ತುಟಿ ಬಿಚ್ಚುವುದಿಲ್ಲ ಎಂದಿದ್ದು ಗಾಳಿಗೆ ಹಾರಿಹೋಯಿತು.

"ಏಳಿ ಸಾಹೇಬ್ರೆ! ಏಳಿ, ಏಳಿ! ಹೊರಗೆ ಬನ್ನಿ!"

"ಯಾಕಮ್ಮಾ? ಮಳೆ ಬರ್ತಿದೆ."

"ಅದಕ್ಕೇ ಹೇಳ್ತಿರೋದು! ಶೀಟು ನೆನೀತಾವೆ! ನೀವು ನೆನೆದ್ರೆ ಒಣಗ್ತೀರಿ, ಅವು ನೆನೆದ್ರೆ ನಮ್ಮ ಹೊಟ್ಟೆ ಒಣಗುತ್ತೆ!"

ಅವರು ಅಧಿಕಾರಿಯ ತೋಳು ಹಿಡಿದು ಎಳೆದೇಬಿಟ್ಟರು. ಸೊಸೆ ಹಿಂದಿನಿಂದ, "ಅತ್ತೆ, ಬೇಡ! ಅತ್ತೆ!" ಎಂದು ಕೂಗಿದ್ದು ಮಳೆಯ ಸದ್ದಿಗೆ ಯಾರಿಗೂ ಕೇಳಲಿಲ್ಲ. ಹೊರಗೆ ಬಂದ ಅಧಿಕಾರಿ ತಬ್ಬಿಬ್ಬಾಗಿ ನಿಂತರೆ, ಅತ್ತೆ ಅವರ ಕೈಗೂ ಒಂದು ಗಂಟು ಕೊಟ್ಟು ಒಳಗೆ ತಳ್ಳಿ ಎಂದರು. ಮರುಮಾತಿಲ್ಲದೆ ತಳ್ಳಿದರು. ಇನ್ನೊಂದು, ಮತ್ತೊಂದು. ಗುಮಾಸ್ತರಿಗೆಲ್ಲ ಅಪ್ಪಣೆ ಕೊಡುವ ಮನುಷ್ಯ ಅತ್ತೆಯ ಕೈಕೆಳಗೆ ಗಂಟು ಹೊತ್ತರು. ಕೊನೆಯ ಗಂಟು ಒಳಸೇರಿದ ಮೇಲೆ ಕ್ಯಾಬಿನ್ ಗಾಜಿನವರೆಗೂ ಬಿಗಿಯಾಗಿ ತುಂಬಿತು.

"ನಾನೂ ಒಂದು ಮೂಲೇಲಿ..." ಎಂದು ಅಧಿಕಾರಿ ಬಾಯಿ ತೆರೆದರು.

"ಜಾಗ ಎಲ್ಲಿದೆ?" ಎಂದ ಅತ್ತೆ ದಢಾರನೆ ಬಾಗಿಲು ಮುಚ್ಚಿ, ಹಿತ್ತಾಳೆಯ ಹಿಡಿ ತಿರುಗಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.

ಮಿಕ್ಕ ದಾರಿಯೆಲ್ಲ ಮೂವರೂ ಹೊರಗೆ. ಮಳೆ ಕೊಡದಲ್ಲಿ ಸುರಿದಂತೆ ಸುರಿಯಿತು. ಅಧಿಕಾರಿಯ ಅಂಗಿ ಮೈಗಂಟಿತು, ಬೂಟಿನೊಳಗೆ ನೀರು ಪಚಪಚ ಎನ್ನತೊಡಗಿತು. ಸೊಸೆ ಅವರ ಮುಖ ನೋಡುವ ಧೈರ್ಯವಿಲ್ಲದೆ ನೆಟ್ಟ ನೋಟ ದಡದ ಮೇಲಿಟ್ಟು ದೋಣಿ ನಡೆಸಿದಳು. ಹಾಸಿಗೆ ಹಾಸಿದ್ದಕ್ಕೇ ಐಷಾರಾಮಿ ತೆರಿಗೆ ಹಾಕಿದವರು, ಕತ್ತು ಹಿಡಿದು ಹೊರಗೆ ದಬ್ಬಿದ್ದಕ್ಕೆ ಇನ್ನೇನು ಹಾಕುತ್ತಾರೋ!

ಆಸ್ಪತ್ರೆಯ ದಕ್ಕೆಗೆ ಚಾವಣಿ ಇತ್ತು. ಉಗ್ರಾಣದಾಕೆ ಆಗಲೇ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಇಂಥ ಮಳೆಯಲ್ಲಿ ಬಂದ ಶೀಟಿನ ಗತಿ ಅವಳಿಗೆ ಗೊತ್ತಿದ್ದದ್ದೇ. ಬಾಗಿಲು ತೆಗೆಸಿ ಮೇಲಿನ ಗಂಟು, ನಡುವಿನ ಗಂಟು, ತಳದ ಗಂಟು ಬಿಚ್ಚಿ ಒಳಗೆ ಕೈ ತೂರಿಸಿದಳು. ಒಂದು ಶೀಟನ್ನು ಕೆನ್ನೆಗೂ ಒತ್ತಿ ನೋಡಿದಳು.

"ಅರೆ, ಇನ್ನೂ ಬೆಚ್ಚಗಿದೆಯಲ್ಲೇ!" ಎಂದಳು. ಅವಳ ಬಾಯಿಂದ ಒಳ್ಳೆಯ ಮಾತು ಬಂದದ್ದನ್ನು ಸೊಸೆ ಕೇಳಿದ್ದು ಅದೇ ಮೊದಲು.

ಪಕ್ಕದಲ್ಲಿ ಅಧಿಕಾರಿ ಅಂಗಿಯ ತುದಿ ಹಿಂಡುತ್ತಿದ್ದರು. ಹಿಂಡಿದಷ್ಟೂ ನೀರು. ಒಣಗಿದ ಶೀಟನ್ನು ನೋಡಿದರು, ತೊಪ್ಪೆಯಾಗಿ ನಿಂತ ಅತ್ತೆಯನ್ನು ನೋಡಿದರು, ಮೂಗಿನಿಂದ ಹನಿ ತೊಟ್ಟಿಕ್ಕುತ್ತಿದ್ದ ಸೊಸೆಯನ್ನು ನೋಡಿದರು. ಎರಡು ಸಲ ಸೀನಿದರು.

"ತಪ್ಪಾಯ್ತು ಸಾರ್," ಎಂದಳು ಸೊಸೆ. "ಅತ್ತೆಗೆ ಬಟ್ಟೆ ಅಂದ್ರೆ ಪ್ರಾಣ. ಮಳೆ ಬಂದ್ರೆ ಸ್ವಂತ ಮಗನನ್ನೂ ಒಳಗೆ ಬಿಡಲ್ಲ."

"ತಪ್ಪು ಯಾಕಮ್ಮ?" ಅಧಿಕಾರಿ ನಕ್ಕುಬಿಟ್ಟರು. "ಮೋಜಿನ ದೋಣೀಲಿ ಮಳೆ ಬಂದ್ರೆ ಜನ ಒಳಗೆ ಹೋಗ್ತಾರೆ, ಸಾಮಾನು ಹೊರಗಿರುತ್ತೆ. ಇಲ್ಲಿ ಸಾಮಾನು ಒಳಗೆ, ಸರ್ಕಾರಾನೇ ಹೊರಗೆ! ಇದಕ್ಕೆ ಐಷಾರಾಮಿ ತೆರಿಗೆ ಹಾಕಿದ್ರೆ ನನ್ನ ಬೂಟೇ ನನ್ನನ್ನ ನೋಡಿ ನಗುತ್ತೆ. ದುಡಿಯೋ ದೋಣಿ. ಬರೀ ಮಾರಾಟ ತೆರಿಗೆ ಕಟ್ಟಿ ತಗೊಂಡ್ಹೋಗಿ."

ಸೊಸೆಗೆ ಒಂದು ಕ್ಷಣ ಕಿವಿ ನಂಬಲಾಗಲಿಲ್ಲ. ಆಮೇಲೆ ಸಂತೋಷ ತಡೆಯಲಾರದೆ ಅಲ್ಲೇ, ಎಲ್ಲರೆದುರಿಗೇ, ಅತ್ತೆಯನ್ನು ತಬ್ಬಿಕೊಂಡಳು. ಇಬ್ಬರ ಸೀರೆಯಿಂದಲೂ ನೀರು ಸೋರಿತು. "ಬಿಡೇ, ಜನ ನೋಡ್ತಾರೆ," ಎಂದರು ಅತ್ತೆ. ತಾವು ಮಾತ್ರ ಬಿಡಲಿಲ್ಲ.

ವಾಪಸು ಬರುವಾಗಲೂ ಮಳೆ ನಿಂತಿರಲಿಲ್ಲ. ಕ್ಯಾಬಿನ್ ಖಾಲಿ. ಆದರೂ ಇಬ್ಬರೂ ಹೊರಗೇ ನಿಂತು, ಗಟ್ಟಿಯಾಗಿ ನಗುತ್ತಾ, ಸೋತು ಮುಖ ಸಪ್ಪೆ ಮಾಡಿಕೊಳ್ಳಬೇಕಾದ ಹೋಟೆಲಿನವನನ್ನು ಆಡಿಕೊಳ್ಳುತ್ತಾ ಸರೋವರ ದಾಟಿದರು. ದಡದಲ್ಲಿ ಗೋಣಿ ಹೊದ್ದು ಕಾಯುತ್ತಿದ್ದ ಮೇಸ್ತ್ರಿ ದೂರದಿಂದಲೇ ಕಂಡು ಗಾಬರಿಯಾದ. "ಅಷ್ಟು ಚೆನ್ನಾಗಿ ಮಾಡು ಹಾಕಿಕೊಟ್ಟಿದ್ದೀನಿ, ಒಳಗೆ ಕೂರಬಾರ್ದಾ?"

"ಅದು ನಮಗಲ್ಲ ಮೇಸ್ತ್ರಿ, ಬಟ್ಟೆಗೆ!" ಎಂದು ಸೊಸೆ ಕೂಗಿ ಹೇಳಿದಳು. "ಸರ್ಕಾರಾನೇ ಒಪ್ಪಿಕೊಂಡಿದೆ!"

ಮನೆಗೆ ಬಂದಾಗ ಗಂಡ ಇಸ್ತ್ರಿ ಮಾಡುತ್ತಿದ್ದ. ಅತ್ತೆ ಅವನ ಮುಂದಿದ್ದ ಬಿಳಿ ಹಾಸನ್ನು ಹಾಗೇ ಎಳೆದುಕೊಂಡು, ಕೊಡವಿ, ಬಾಗಿಲ ಪಕ್ಕದ ಬೆಂಚಿನ ಮೇಲೆ ಸುಕ್ಕಿಲ್ಲದಂತೆ ಹಾಸಿದರು. ಅದರಿಂದ ಇನ್ನೂ ಆವಿ ಏಳುತ್ತಿತ್ತು.

"ಕೂತ್ಕೋ," ಎಂದರು ಸೊಸೆಗೆ.

"ಅತ್ತೆ, ನಾನು ಪೂರ್ತಿ ಒದ್ದೆ. ಹಾಸು ಹಾಳಾಗುತ್ತೆ."

"ಆಗ್ಲಿ ಬಿಡು," ಎಂದು ಅತ್ತೆ ಅವಳ ಭುಜ ಒತ್ತಿ ಕೂರಿಸಿದರು. "ಒಗೆಯೋದು ನಮಗೇನು ಹೊಸದಾ?"